ಕ್ರಿಪ್ಟೋ ಹಣ, ಖಾಸಗಿತನ ಮತ್ತು ಕಾನೂನು: ಯಾರಿಗೆ ಎಷ್ಟು ತೋರಿಸಬೇಕು?

ಪ್ರಶ್ನೆ: ಬೆಂಗಳೂರಿನ ಒಂದು ಸಣ್ಣ ಫಿನ್‌ಟೆಕ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದೇನೆ. ನನ್ನ ವಾಲೆಟ್‌ನಲ್ಲಿ (ಕ್ರಿಪ್ಟೋ ಇಡುವ ಡಿಜಿಟಲ್ ಪರ್ಸ್) ಸ್ವಲ್ಪ ಈಥರ್, ಅಂದರೆ ಎಥೀರಿಯಂ ಜಾಲದ ಕ್ರಿಪ್ಟೋ ನಾಣ್ಯ, ಇದೆ. ಗೋಕರ್ಣಕ್ಕೆ ಹೋಗಿಬಂದ ಖರ್ಚಿನ ಲೆಕ್ಕ ಚುಕ್ತಾ ಮಾಡಲು ಗೆಳೆಯನಿಗೆ ಅದರಲ್ಲೇ ಒಂದಿಷ್ಟು ಕಳಿಸಿದೆ. ಮಾರನೇ ದಿನ ಅವನು ನನ್ನ ಹತ್ತಿರ ಒಟ್ಟು ಎಷ್ಟಿದೆ, ಯಾವಾಗ ಬಂತು, ಎಲ್ಲಿಗೆ ಹೋಯಿತು ಎಂದೆಲ್ಲ ಹೇಳಿದ. ಇದನ್ನು ತಪ್ಪಿಸಲು ಟೊರ್ನಾಡೊ ಕ್ಯಾಶ್‌ನಂಥ, ಹಣದ ಜಾಡು ಮರೆಸುವ ಮಿಕ್ಸರನ್ನು ಬಳಸಿದರೆ ಇ.ಡಿ.ಯವರ ನೋಟಿಸ್ ಬರುತ್ತದೆಯೇ? ಅದರ ಮೇಲೆ ಅಮೆರಿಕ ಹೇರಿದ್ದ ನಿರ್ಬಂಧ ತೆಗೆದರು ಎಂದೂ ಓದಿದ್ದೇನೆ, ಅದನ್ನು ಬರೆದವರಿಗೆ ಶಿಕ್ಷೆಯಾಯಿತು ಎಂದೂ ಓದಿದ್ದೇನೆ. ಇನ್ನೊಂದು ಪ್ರಶ್ನೆ: ನಮ್ಮ ಕಂಪನಿ ಸಾಲದ ಆ್ಯಪ್‌ಗಾಗಿ ಗ್ರಾಹಕರ ಮೊಬೈಲ್ ಮತ್ತು ಪ್ಯಾನ್ ಸಂಖ್ಯೆಗಳ ಹ್ಯಾಶನ್ನು (ಗಣಿತದಿಂದ ಹೊರಡುವ, ಬೆರಳಚ್ಚಿನಂಥ ಒಂದು ಸಂಖ್ಯೆ) ಪಬ್ಲಿಕ್ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಎಲ್ಲರಿಗೂ ಕಾಣುವ ಹಂಚಿದ ಲೆಕ್ಕಪುಸ್ತಕದಲ್ಲಿ, ಹಾಕಲು ಹೊರಟಿದೆ. "ಬರೀ ಹ್ಯಾಶ್ ತಾನೇ, ಗ್ರಾಹಕರ ಖಾಸಗಿತನಕ್ಕೆ ಏನೂ ಆಗಲ್ಲ" ಅನ್ನುತ್ತಾರೆ. ಇದು ಸರಿಯೇ?

ಉತ್ತರ: ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಸರಿಯಲ್ಲ, ಆ ಕೆಲಸವನ್ನು ಈಗಲೇ ನಿಲ್ಲಿಸಿ. ಕಾರಣವನ್ನು ಮುಂದೆ ಬಿಡಿಸಿ ಹೇಳುತ್ತೇನೆ. ಮೊದಲನೆಯದಕ್ಕೆ ಹೌದು, ಇಲ್ಲ ಎಂಬ ಉತ್ತರ ಸಾಲುವುದಿಲ್ಲ.

ನಿಮ್ಮ ಗೆಳೆಯ ಯಾವ ಹ್ಯಾಕಿಂಗನ್ನೂ ಮಾಡಿಲ್ಲ. ಎಥೀರಿಯಂನಲ್ಲಿ ಪ್ರತಿ ವಿಳಾಸದ ಬಾಕಿ, ಪ್ರತಿ ವ್ಯವಹಾರದ ಮೊತ್ತ, ಸಮಯ, ಎದುರು ವಿಳಾಸ ಎಲ್ಲವೂ ಎಲ್ಲರಿಗೂ ಕಾಣುತ್ತವೆ. ಬ್ಯಾಂಕ್ ಪಾಸ್‌ಬುಕ್ಕನ್ನು ಬಸ್ ನಿಲ್ದಾಣದ ಗೋಡೆಗೆ ಅಂಟಿಸಿ, ಮೇಲಿನ ಹೆಸರಿಗೆ ಮಾತ್ರ ಮಸಿ ಬಳಿದ ಹಾಗೆ ಇದು. ಒಬ್ಬರಿಗೆ ಒಮ್ಮೆ ಹಣ ಕಳಿಸಿದರೆ ಸಾಕು, ಅವರ ಮಟ್ಟಿಗೆ ಆ ಮಸಿ ಅಳಿಸಿಹೋಗುತ್ತದೆ. ಹಿಂದಿನದೂ ಕಾಣುತ್ತದೆ, ಮುಂದಿನದೂ ಕಾಣುತ್ತದೆ. ಬ್ಯಾಂಕಿನಲ್ಲಾದರೆ ನಿಮ್ಮ ಲೆಕ್ಕ ಬ್ಯಾಂಕಿಗೆ ಗೊತ್ತು, ಕಾನೂನುಬದ್ಧವಾಗಿ ಕೇಳಿದರೆ ಸರ್ಕಾರಕ್ಕೂ ಗೊತ್ತು. ಗೆಳೆಯನಿಗೆ, ಮನೆ ಮಾಲೀಕರಿಗೆ, ಕೆಲಸ ಕೊಟ್ಟವರಿಗೆ ಗೊತ್ತಿಲ್ಲ. ನೀವು ಬಯಸುತ್ತಿರುವುದು ಅಷ್ಟನ್ನೇ, ಮತ್ತು ಅದು ನ್ಯಾಯವಾದ ಬಯಕೆ. ಖಾಸಗಿತನ ಕೇಳುವವರೆಲ್ಲ ಏನನ್ನೋ ಬಚ್ಚಿಡುತ್ತಿದ್ದಾರೆ ಎಂಬ ಅನುಮಾನದ ಮಾತನ್ನು ನಾನು ಒಪ್ಪುವುದಿಲ್ಲ. ಹಾಗೆಯೇ, ಬ್ಲಾಕ್‌ಚೈನ್ ಮೇಲಿನ ಹಣದ ಬಗ್ಗೆ ಸರ್ಕಾರ ಏನನ್ನೂ ಕೇಳಕೂಡದು ಎಂಬುದನ್ನೂ ಒಪ್ಪುವುದಿಲ್ಲ. ಟೊರ್ನಾಡೊ ಕ್ಯಾಶ್ ಕಥೆಯನ್ನು ಸರಿಯಾಗಿ ನೋಡಿದರೆ ಈ ಎರಡೂ ಯಾಕೆ ತಪ್ಪು ಎಂದು ತಿಳಿಯುತ್ತದೆ.

2019ರಲ್ಲಿ ಶುರುವಾದ ಟೊರ್ನಾಡೊ ಕ್ಯಾಶ್ ಸ್ಮಾರ್ಟ್ ಕಾಂಟ್ರಾಕ್ಟ್‌ಗಳ, ಅಂದರೆ ಬ್ಲಾಕ್‌ಚೈನ್ ಮೇಲೆ ತಾವಾಗಿಯೇ ನಡೆಯುವ ಪ್ರೋಗ್ರಾಂಗಳ, ಒಂದು ಗುಂಪು. ಅದು ನಡೆಯುವ ಬಗೆ ಹೀಗೆ: ನಿಮ್ಮ ಕಂಪ್ಯೂಟರ್ ಎರಡು ದೊಡ್ಡ ಗುಟ್ಟಿನ ಸಂಖ್ಯೆಗಳನ್ನು ಹುಟ್ಟಿಸುತ್ತದೆ. ಎರಡನ್ನೂ ಸೇರಿಸಿ ಹ್ಯಾಶ್ ಮಾಡಿ, ಆ ಹ್ಯಾಶನ್ನು 1 ಈಥರ್ ಜೊತೆ ಕಾಂಟ್ರಾಕ್ಟ್‌ಗೆ ಕಳಿಸುತ್ತೀರಿ. ಕಾಂಟ್ರಾಕ್ಟ್ ಅದನ್ನು ಇಪ್ಪತ್ತು ಹಂತಗಳ ಒಂದು ಹ್ಯಾಶ್ ಮರದಲ್ಲಿ ಎಲೆಯಾಗಿ ಸೇರಿಸುತ್ತದೆ. ಅಂಥ ಮರದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಎಲೆ ಹಿಡಿಸುತ್ತವೆ. ಕೆಲವು ದಿನ ಬಿಟ್ಟು, ಬೇರೊಂದು ಹೊಸ ವಿಳಾಸದಿಂದ, "ಈ ಮರದ ಯಾವುದೋ ಒಂದು ಎಲೆಯ ಗುಟ್ಟು ನನಗೆ ಗೊತ್ತು" ಎಂದು, ಗುಟ್ಟನ್ನು ಹೇಳದೆಯೇ ಅದು ಗೊತ್ತೆಂದು ಸಾಬೀತುಪಡಿಸುವ ಝೀರೋ ನಾಲೆಜ್ ಪ್ರೂಫ್ ಕೊಟ್ಟು 1 ಈಥರ್ ವಾಪಸ್ ತೆಗೆಯುತ್ತೀರಿ. ಯಾವ ಎಲೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಒಂದೇ ಎಲೆಯ ಹೆಸರಲ್ಲಿ ಎರಡು ಸಲ ಹಣ ತೆಗೆಯದಂತೆ ಗುಟ್ಟಿನ ಸಂಖ್ಯೆಗಳಲ್ಲಿ ಒಂದರ ಹ್ಯಾಶನ್ನು ಮಾತ್ರ ಬಹಿರಂಗ ಮಾಡಬೇಕು. ಮೊತ್ತಗಳು 0.1, 1, 10, 100 ಈಥರ್ ಎಂದು ಮೊದಲೇ ನಿಗದಿ. ಯಾಕೆಂದರೆ 3.47 ಈಥರ್ ಹಾಕಿ 3.47 ಈಥರ್ ತೆಗೆದರೆ ಗಣಿತ ಎಷ್ಟು ಗಟ್ಟಿಯಿದ್ದರೂ ಮೊತ್ತವೇ ಗುಟ್ಟು ಬಿಟ್ಟುಕೊಡುತ್ತದೆ.

ಇದರಲ್ಲಿ ಅಡಗಲು ಸಿಗುವುದು ಜನಸಂದಣಿಯ ಆಸರೆ ಮಾತ್ರ. ಹೆಚ್ಚು ಜನ ಹಣ ಹಾಕಿದಷ್ಟೂ ಪ್ರತಿಯೊಬ್ಬರಿಗೂ ಹೆಚ್ಚು ಮರೆ. ಪ್ರಾಮಾಣಿಕರಿಗೆ ಸಿಗುವ ಆ ಮರೆಯೇ ಕಳ್ಳನಿಗೂ ಸಿಗುತ್ತದೆ, ಕೆಟ್ಟದ್ದಾದದ್ದು ಅಲ್ಲೇ. 2022ರ ಮಾರ್ಚ್‌ನಲ್ಲಿ ಉತ್ತರ ಕೊರಿಯಾದ ಲಾಜರಸ್ ಹ್ಯಾಕರ್ ಗುಂಪು ರೋನಿನ್ ಬ್ರಿಜ್‌ನಿಂದ (ಒಂದು ಬ್ಲಾಕ್‌ಚೈನ್‌ನಿಂದ ಇನ್ನೊಂದಕ್ಕೆ ಹಣ ದಾಟಿಸುವ ಸೇವೆ) 60 ಕೋಟಿ ಡಾಲರಿಗೂ ಹೆಚ್ಚು ಕದ್ದು, ಅದರಲ್ಲಿ 45.5 ಕೋಟಿ ಡಾಲರಿಗೂ ಮೀರಿದ ಮೊತ್ತವನ್ನು ಟೊರ್ನಾಡೊ ಮೂಲಕ ಸಾಗಿಸಿತು ಎಂದು ಅಮೆರಿಕದ ಖಜಾನೆ ಇಲಾಖೆ ಹೇಳಿತು. 2022ರ ಆಗಸ್ಟ್ 8ರಂದು ಇಡೀ ಟೊರ್ನಾಡೊವನ್ನೇ ನಿರ್ಬಂಧದ ಪಟ್ಟಿಗೆ ಸೇರಿಸಿತು. ನಮ್ಮವರೂ ಈ ಪೆಟ್ಟು ತಿಂದಿದ್ದಾರೆ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತೀಯ ಎಕ್ಸ್‌ಚೇಂಜ್‌ನಿಂದ (ಕ್ರಿಪ್ಟೋ ಕೊಳ್ಳುವ, ಮಾರುವ ತಾಣ) ಸುಮಾರು 2,000 ಕೋಟಿ ರೂಪಾಯಿ ಬೆಲೆಯ ಕ್ರಿಪ್ಟೋ ಕಳುವಾಯಿತು. ಕದ್ದವರು ಆ ಈಥರನ್ನೂ ಟೊರ್ನಾಡೊ ಮೂಲಕವೇ ತೊಳೆದರು. ಇದು ಉತ್ತರ ಕೊರಿಯಾದ ಕೈವಾಡ ಎಂದು ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ 2025ರ ಜನವರಿಯಲ್ಲಿ ಜಂಟಿಯಾಗಿ ಹೇಳಿದವು. ಸಂಬಳದಲ್ಲಿ ಉಳಿಸಿದ್ದನ್ನು ಅಲ್ಲಿಟ್ಟಿದ್ದ ಸಾವಿರಾರು ಜನ ತಿಂಗಳುಗಟ್ಟಲೆ ತಮ್ಮ ಹಣ ಮುಟ್ಟಲಾಗದೆ ಕಂಗಾಲಾದರು. ಖಾಸಗಿತನದ ಪರ ವಾದಿಸುವವರು ಈ ಜನರ ಎದುರು ನಿಂತು ವಾದಿಸಲು ಸಿದ್ಧರಿರಬೇಕು. ನಾನು ಖಾಸಗಿತನದ ಪರ ಇರುವವನು, ಆದ್ದರಿಂದಲೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು ಮಗ್ಗುಲನ್ನೂ ನೋಡಿ. ನಿರ್ಬಂಧ ಹೇರಿದ ಹೊಸತರಲ್ಲೇ ಎಥೀರಿಯಂ ಸಹಸಂಸ್ಥಾಪಕ ವಿಟಾಲಿಕ್ ಬುಟೆರಿನ್ ತಾವೂ ಟೊರ್ನಾಡೊ ಬಳಸಿದ್ದನ್ನು ಬಹಿರಂಗವಾಗಿ ಹೇಳಿದರು: ಉಕ್ರೇನಿಗೆ ದೇಣಿಗೆ ಕೊಡುವಾಗ, ಪಡೆಯುವವರ ವಿವರ ಹೊರಬೀಳಬಾರದೆಂದು. ಅದೇ ವಾರ ಯಾರೋ ಅನಾಮಿಕರು ಟೊರ್ನಾಡೊದಿಂದ ಹಲವು ಪ್ರಸಿದ್ಧರ ವಾಲೆಟ್‌ಗಳಿಗೆ ಕೇಳದೆಯೇ 0.1 ಈಥರ್ ಕಳಿಸಿದರು. ಬಂದ ಹಣವನ್ನು ಬೇಡ ಎನ್ನಲು ಎಥೀರಿಯಂನಲ್ಲಿ ದಾರಿಯಿಲ್ಲ; ಹಾಗಾಗಿ ಏನೂ ಮಾಡದವರ ವಿಳಾಸವೂ ಕಳಂಕಿತ ಎನಿಸಿಕೊಂಡಿತು. "ಈ ಕೊಳದ ನೀರು ಮುಟ್ಟಿದವರೆಲ್ಲ ಅಪರಾಧಿಗಳು" ಎಂಬ ನಿಯಮ ಎಷ್ಟು ಒರಟು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಿಮಗೆ ಗೊಂದಲ ತಂದ ಎರಡು ಸುದ್ದಿಗಳೂ ನಿಜ. 2024ರ ನವೆಂಬರ್‌ನಲ್ಲಿ ಅಮೆರಿಕದ ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಯಾರೂ ಬದಲಾಯಿಸಲಾಗದ ಸ್ಮಾರ್ಟ್ ಕಾಂಟ್ರಾಕ್ಟ್ ಯಾರ ಆಸ್ತಿಯೂ ಅಲ್ಲ, ಆಸ್ತಿಯಲ್ಲದ್ದರ ಮೇಲೆ ಈ ಕಾನೂನಿನಡಿ ನಿರ್ಬಂಧ ಹೇರಲು ಬರುವುದಿಲ್ಲ ಎಂದಿತು. 2025ರ ಮಾರ್ಚ್ 21ರಂದು ಖಜಾನೆ ಇಲಾಖೆ ಟೊರ್ನಾಡೊವನ್ನು ಪಟ್ಟಿಯಿಂದ ತೆಗೆಯಿತು. ಆದರೆ ಮನುಷ್ಯರ ಮೇಲಿನ ಮೊಕದ್ದಮೆಗಳ ದಾರಿಯೇ ಬೇರೆ. ಟೊರ್ನಾಡೊದ ಕೋಡ್ ಬರೆದವರಲ್ಲಿ ಒಬ್ಬನಾದ ಅಲೆಕ್ಸಿ ಪೆರ್ತ್ಸೆವ್‌ಗೆ ನೆದರ್‌ಲೆಂಡ್ಸ್ ನ್ಯಾಯಾಲಯ 2024ರ ಮೇನಲ್ಲಿ ಅಕ್ರಮ ಹಣ ವರ್ಗಾವಣೆಗಾಗಿ 5 ವರ್ಷ 4 ತಿಂಗಳ ಶಿಕ್ಷೆ ವಿಧಿಸಿತು. ಟೊರ್ನಾಡೊದ ಸಹಸಂಸ್ಥಾಪಕ ರೋಮನ್ ಸ್ಟೋರ್ಮ್ ವಿಚಾರಣೆಯಲ್ಲಿ ನ್ಯೂಯಾರ್ಕಿನ ಜ್ಯೂರಿ 2025ರ ಆಗಸ್ಟ್ 6ರಂದು ಒಂದು ಆರೋಪದಲ್ಲಿ, ಅಂದರೆ ಪರವಾನಗಿಯಿಲ್ಲದೆ ಹಣ ಸಾಗಿಸುವ ವ್ಯವಹಾರ ನಡೆಸಲು ಸಂಚು ಮಾಡಿದ್ದರಲ್ಲಿ, ತಪ್ಪಿತಸ್ಥ ಎಂದಿತು. ಹಣ ತೊಳೆದ ಆರೋಪದಲ್ಲೂ ನಿರ್ಬಂಧ ಮುರಿದ ಆರೋಪದಲ್ಲೂ ಜ್ಯೂರಿಗೆ ಒಮ್ಮತ ಬರಲಿಲ್ಲ. ಒಟ್ಟಿನಲ್ಲಿ ಕೋಡ್ ಪಟ್ಟಿಯಿಂದ ಹೊರಬಂತು, ಅದರಿಂದ ವ್ಯವಹಾರ ನಡೆಸಿದವರ ಹೊಣೆ ಉಳಿಯಿತು.

ನಿಮ್ಮ ಹಾಗೆ ಬರೀ ಬಳಸುವವರ ಗತಿ? ಭಾರತದಲ್ಲಿ ಕ್ರಿಪ್ಟೋ ಇಟ್ಟುಕೊಳ್ಳುವುದು ಅಪರಾಧವಲ್ಲ. 2023ರ ಮಾರ್ಚ್ 7ರ ಅಧಿಸೂಚನೆಯಿಂದ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ, ಅಂದರೆ ಪಿಎಂಎಲ್ಎ ವ್ಯಾಪ್ತಿಗೆ ಬಂದಿವೆ: ಕೆವೈಸಿ ಮಾಡಬೇಕು, ದಾಖಲೆ ಐದು ವರ್ಷ ಇಡಬೇಕು, ಅನುಮಾನ ಬಂದರೆ ಹಣಕಾಸು ಗುಪ್ತಚರ ಘಟಕ ಎಫ್‌ಐಯುಗೆ ತಿಳಿಸಬೇಕು. ಇದನ್ನು ಪಾಲಿಸದ ವಿದೇಶಿ ಎಕ್ಸ್‌ಚೇಂಜ್‌ಗಳ ಜಾಲತಾಣಗಳನ್ನು 2024ರ ಆರಂಭದಲ್ಲಿ ತಡೆಹಿಡಿದರು, ಬೈನಾನ್ಸ್ 18.82 ಕೋಟಿ ರೂಪಾಯಿ ದಂಡಕ್ಕೆ ಗುರಿಯಾಯಿತು. ನಿಮ್ಮ ತೊಂದರೆ ಶುರುವಾಗುವುದು ಮಿಕ್ಸರ್‌ನಿಂದ ಹೊರಬಂದ ಈಥರನ್ನು ರೂಪಾಯಿ ಮಾಡಲು ಎಕ್ಸ್‌ಚೇಂಜ್‌ಗೆ ತಂದಾಗ. ಅಲ್ಲಿನ ತಂತ್ರಾಂಶ ಅದಕ್ಕೆ ಕೆಂಪು ಗುರುತು ಹಾಕುತ್ತದೆ, ಖಾತೆ ಸ್ತಂಭಿಸಬಹುದು. ಪಿಎಂಎಲ್ಎ 24ನೇ ವಿಧಿಯಂತೆ, ಪ್ರಾಸಿಕ್ಯೂಷನ್ ಮೂಲ ಸಂಗತಿಗಳನ್ನು ತೋರಿಸಿದ ಮೇಲೆ, ಹಣ ಅಕ್ರಮದ್ದಲ್ಲ ಎಂದು ಸಾಧಿಸುವ ಹೊಣೆ ಆರೋಪಿಯ ಮೇಲೆ ಬೀಳುತ್ತದೆ. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಸಾಮಾನ್ಯ ಅಪರಾಧ ಪ್ರಕರಣಗಳಲ್ಲಿ ಹೀಗಿಲ್ಲ. ಇನ್ನು ಟೊರ್ನಾಡೊದ ಗಣಿತದ ಉದ್ದೇಶವೇ ನಿಮ್ಮ ಹಣದ ಮೂಲ ಯಾರಿಗೂ ತಿಳಿಯದಂತೆ ಮಾಡುವುದು. ಠೇವಣಿಯ ಗುಟ್ಟಿನ ಸಂಖ್ಯೆಗಳಿರುವ ನೋಟ್ ಕಳೆದುಕೊಂಡರೆ ಆ ಮೂಲವನ್ನು ನೀವೇ ತೋರಿಸಲಾರಿರಿ. ಆದ್ದರಿಂದ ಗೆಳೆಯನ ಕುತೂಹಲ ತಪ್ಪಿಸಲು ಈ ದಾರಿ ಹಿಡಿಯಬೇಡಿ ಎಂಬುದೇ ನನ್ನ ಸಲಹೆ.

ಹಾಗಾದರೆ ಸರಿಯಾದ ದಾರಿ ಯಾವುದು? 2023ರ ಸೆಪ್ಟೆಂಬರ್‌ನಲ್ಲಿ ಬುಟೆರಿನ್ ಮತ್ತು ನಾಲ್ವರು ಸಹಲೇಖಕರು ಪ್ರಕಟಿಸಿದ ಪ್ರೈವಸಿ ಪೂಲ್ಸ್ ಎಂಬ ವಿನ್ಯಾಸ ಈ ಕ್ಷೇತ್ರದಲ್ಲಿ ನಾನು ಕಂಡ ಅತ್ಯಂತ ಪ್ರಾಮಾಣಿಕ ಪ್ರಯತ್ನ. ಟೊರ್ನಾಡೊದ ಗಣಿತವನ್ನೇ ಇಟ್ಟುಕೊಂಡು ಅದಕ್ಕೆ ಎರಡನೆಯ ಪುರಾವೆಯೊಂದನ್ನು ಸೇರಿಸುತ್ತದೆ. ಮೊದಲನೆಯದು "ಈ ಮರದ ಯಾವುದೋ ಒಂದು ಎಲೆ ನನ್ನದು" ಎನ್ನುತ್ತದೆ. ಎರಡನೆಯದು "ನನ್ನ ಎಲೆ ಈ ಶೋಧಿಸಿದ ಪಟ್ಟಿಯೊಳಗಿದೆ" ಎನ್ನುತ್ತದೆ. ಕಳವು, ವಂಚನೆಗೆ ಸಂಬಂಧ ಕಂಡ ಠೇವಣಿಗಳನ್ನು ಬಿಟ್ಟು ಉಳಿದವುಗಳ ಪಟ್ಟಿ ಅದು. ಹಣ ತೆಗೆಯುವಾಗ ನಿಮ್ಮ ಹೆಸರೂ ಹೊರಬರುವುದಿಲ್ಲ, ಎಲೆಯೂ ಹೊರಬರುವುದಿಲ್ಲ. ಕಳ್ಳರ ಗುಂಪಿನಲ್ಲಿ ನೀವಿಲ್ಲ ಎಂಬುದಷ್ಟೇ ಸಾಬೀತಾಗುತ್ತದೆ. ಕದ್ದ ಹಣ ತಂದವನಿಗೆ ಎರಡನೆಯ ಪುರಾವೆ ಕೊಡಲು ಗಣಿತವೇ ಬಿಡುವುದಿಲ್ಲ. ಹಾಗೆಂದು ಪಟ್ಟಿಯಿಂದ ಹೊರಗುಳಿದವರ ಹಣವನ್ನು ಯಾರೂ ನುಂಗಿಹಾಕಲಾರರು, ಅವರು ಅದನ್ನು ತಮ್ಮ ಮೂಲ ವಿಳಾಸಕ್ಕೆ ಬಹಿರಂಗವಾಗಿ ವಾಪಸ್ ಪಡೆಯಬಹುದು. 2025ರ ಮಾರ್ಚ್ ಕೊನೆಯಲ್ಲಿ ಇದರ ಒಂದು ರೂಪ ಎಥೀರಿಯಂನಲ್ಲಿ ಚಾಲೂ ಆಯಿತು.

ಇದು ನನಗೆ ಯಾಕೆ ಮುಖ್ಯವಾಗಿ ಕಾಣುತ್ತದೆ ಎಂದರೆ, ಹಣದ ನಿಯಮ ಪಾಲನೆಯ ಕಾನೂನು ನಿಜಕ್ಕೂ ಏನನ್ನು ತಿಳಿಯಬಯಸುತ್ತದೆ ಎಂಬುದನ್ನು ಇದು ಬಿಡಿಸಿ ನೋಡಿದೆ. ಹಣ ಕದ್ದದ್ದಲ್ಲವೇ? ಕಳಿಸುವವನು ನಿರ್ಬಂಧದ ಪಟ್ಟಿಯಲ್ಲಿಲ್ಲವೇ? ತೆರಿಗೆ ಕಟ್ಟಿದೆಯೇ? ವಯಸ್ಸು ಹದಿನೆಂಟು ದಾಟಿದೆಯೇ? ಇವುಗಳಲ್ಲಿ ಬಹಳಷ್ಟಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಾಕು. ನಾವು ಮಾತ್ರ ಇಂಥ ಪ್ರತಿ ಪ್ರಶ್ನೆಗೂ ಇಡೀ ಗುರುತಿನ ಚೀಟಿಯನ್ನೇ ಕೈಗೆ ಕೊಟ್ಟು ಅಭ್ಯಾಸ ಮಾಡಿಕೊಂಡಿದ್ದೇವೆ. ಗೋಲ್ಡ್‌ವಾಸರ್, ಮಿಕಾಲಿ, ರಾಕಾಫ್ ಎಂಬ ಮೂವರು 1985ರಲ್ಲೇ ಝೀರೋ ನಾಲೆಜ್ ಪ್ರೂಫ್‌ಗೆ ಅಡಿಪಾಯ ಹಾಕಿದ್ದರು. ಆಗ ಕಾಗದದ ಮೇಲಿದ್ದದ್ದು ಈಗ ಮೊಬೈಲ್‌ನಲ್ಲೂ ನಡೆಯುತ್ತದೆ. ನಮ್ಮ ಆಧಾರ್ ಕಾರ್ಡಿನ ಕ್ಯೂಆರ್ ಕೋಡ್‌ನಲ್ಲಿ ಯುಐಡಿಎಐನ ಡಿಜಿಟಲ್ ಸಹಿ ಇದೆ. ಅದನ್ನೇ ಆಧಾರವಾಗಿಟ್ಟುಕೊಂಡು, ಆಧಾರ್ ಸಂಖ್ಯೆಯನ್ನಾಗಲೀ ಹೆಸರನ್ನಾಗಲೀ ತೋರಿಸದೆ "ನನಗೆ ಹದಿನೆಂಟು ತುಂಬಿದೆ", "ನಾನು ಇಂಥ ರಾಜ್ಯದವನು" ಎಂದು ಸಾಬೀತುಪಡಿಸುವ ಅನಾನ್ ಆಧಾರ್ ಎಂಬ ಮುಕ್ತ ಕೋಡ್ ಇದೆ. ಇಂದಿನ ಪಿಎಂಎಲ್ಎ ಕೆವೈಸಿಗೆ ಇದು ಸಾಲದು, ಕಾನೂನು ಹೆಸರನ್ನೇ ಕೇಳುತ್ತದೆ. ಆದರೆ ತಂತ್ರಜ್ಞಾನವೇ ಇಲ್ಲ ಎಂಬ ನೆಪ ಈಗ ಉಳಿದಿಲ್ಲ ಎಂಬುದನ್ನು ಅದು ತೋರಿಸುತ್ತದೆ.

ಪ್ರೈವಸಿ ಪೂಲ್ಸ್‌ನಲ್ಲಿ ಒಂದು ದೊಡ್ಡ ಪ್ರಶ್ನೆ ಬಾಕಿ ಇದೆ, ಅದನ್ನು ಮುಚ್ಚಿಟ್ಟು ಹೊಗಳುವುದು ತಪ್ಪಾಗುತ್ತದೆ. ಆ ಪಟ್ಟಿಯನ್ನು ಶೋಧಿಸುವವರು ಯಾರು? ಇಂದು ಯಾವುದೋ ದೇಶದ ಒಂದು ಖಾಸಗಿ ಕಂಪನಿ. ನಾಳೆ ಒಬ್ಬ ಪತ್ರಕರ್ತನ, ಒಬ್ಬ ಹೋರಾಟಗಾರ್ತಿಯ ಠೇವಣಿಯನ್ನು ಅದು ಹೊರಗಿಟ್ಟರೆ ಕೇಳುವುದು ಯಾರನ್ನು? ಕಳವು ಬೆಳಕಿಗೆ ಬರುವ ಮೊದಲೇ ಕಳ್ಳ ಪಟ್ಟಿಯೊಳಗೆ ಸೇರಿಕೊಂಡರೆ? ಪಟ್ಟಿಗೆ ಸೇರಿಸುವ ಮುನ್ನ ಕೆಲಕಾಲ ಕಾಯುವುದು, ಹಲವು ಸಂಸ್ಥೆಗಳು ಬೇರೆ ಬೇರೆ ಪಟ್ಟಿ ಕೊಡುವುದು, ಹೊರಗಿಟ್ಟ ಕಾರಣ ಬರೆದು ತಿಳಿಸುವುದು, ಮೇಲ್ಮನವಿಗೆ ಅವಕಾಶ ಇಡುವುದು ಇವೆಲ್ಲ ಬೇಕು. ಮೊದಲೆರಡನ್ನು ಕೋಡ್‌ನಲ್ಲಿ ಬರೆಯಬಹುದು. ಉಳಿದೆರಡನ್ನು ಕಾನೂನೇ ಬರೆಯಬೇಕು, ಮತ್ತು ಅದನ್ನು ಇನ್ನೂ ಯಾವ ದೇಶವೂ ನೆಟ್ಟಗೆ ಬರೆದಂತೆ ನನಗೆ ಕಂಡಿಲ್ಲ. ಐರೋಪ್ಯ ಒಕ್ಕೂಟ ಹಿಡಿದಿರುವ ದಾರಿ ಬೇರೆ: 2027ರ ಜುಲೈ 10ರಿಂದ ಅಲ್ಲಿನ ಕ್ರಿಪ್ಟೋ ಸೇವಾ ಕಂಪನಿಗಳು ಅನಾಮಿಕ ಖಾತೆಗಳನ್ನು ಇಡುವಂತಿಲ್ಲ, ಮೊನೆರೊದಂಥ ಗುರುತು ಮರೆಸುವ ನಾಣ್ಯಗಳನ್ನು ನಿರ್ವಹಿಸುವಂತಿಲ್ಲ. ಸುಲಭದ ನಿಯಮ, ಆದರೆ ಕಳ್ಳನನ್ನೂ ನಿಮ್ಮಂಥವರನ್ನೂ ಬೇರೆ ಮಾಡುವ ಕಷ್ಟವನ್ನು ಅದು ತೆಗೆದುಕೊಂಡಿಲ್ಲ.

ನಿಯಮ ಪಾಲನೆ ಎಂದರೆ ಇದ್ದಬದ್ದ ಮಾಹಿತಿಯನ್ನೆಲ್ಲ ಕೂಡಿಡುವುದು ಎಂದು ನಂಬಿದ ಅಧಿಕಾರಿಗಳಿಗೆ ನಾನು ಯಾವಾಗಲೂ ಎರಡು ಘಟನೆ ನೆನಪಿಸುತ್ತೇನೆ. ಹಾರ್ಡ್‌ವೇರ್ ವಾಲೆಟ್ ಮಾರುವ ಲೆಜರ್ ಕಂಪನಿಯಿಂದ 2020ರಲ್ಲಿ ಸುಮಾರು 2.7 ಲಕ್ಷ ಗ್ರಾಹಕರ ಹೆಸರು, ಮನೆ ವಿಳಾಸ, ಫೋನ್ ಸಂಖ್ಯೆ ಸೋರಿದವು. ಕ್ರಿಪ್ಟೋ ಯಾರ ಮನೆಯಲ್ಲಿದೆ ಎಂಬ ಪಟ್ಟಿಯೇ ಅದು. 2025ರ ಮೇನಲ್ಲಿ ಕಾಯಿನ್‌ಬೇಸ್ ತನ್ನ 69,461 ಗ್ರಾಹಕರ ಮಾಹಿತಿ ಕಳುವಾಯಿತೆಂದು ತಿಳಿಸಿತು. ವಿದೇಶದ ಗ್ರಾಹಕ ಸೇವಾ ಸಿಬ್ಬಂದಿಗೆ ಲಂಚ ಕೊಟ್ಟು ತೆಗೆಸಿದ ಆ ಕಡತಗಳಲ್ಲಿ ಸರ್ಕಾರಿ ಗುರುತಿನ ಚೀಟಿಯ ಚಿತ್ರಗಳು, ಮನೆ ವಿಳಾಸ, ಖಾತೆಯ ಬಾಕಿ ಎಲ್ಲ ಇದ್ದವು. ಗಣಿತ ಮುರಿದು ಆದ ಕಳವಲ್ಲ ಇದು. ಕಾಯಿನ್‌ಬೇಸ್ ವಿಷಯದಲ್ಲಂತೂ ಕಾನೂನು ಕೇಳಿತೆಂದು ಸಂಗ್ರಹಿಸಿಟ್ಟ ದಾಖಲೆಯೇ ಗ್ರಾಹಕರಿಗೆ ಮುಳುವಾಯಿತು. ಚೈನ್ ಮೇಲೆ ಬಾಕಿ ಎಲ್ಲರಿಗೂ ಕಾಣುವಾಗ, ಹೆಸರು ಮತ್ತು ವಿಳಾಸ ಇಂಥ ಕಡೆಯಿಂದ ಸೋರಿದರೆ ಎರಡನ್ನೂ ಜೋಡಿಸುವುದು ಯಾವ ದರೋಡೆಕೋರನಿಗೂ ಕಷ್ಟವಿಲ್ಲ.

ಈ ತೂಕವನ್ನು ಹೇಗೆ ನೋಡಬೇಕೆಂದು ನಮ್ಮ ನ್ಯಾಯಾಲಯ ಈಗಾಗಲೇ ಹೇಳಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದನ್ನು ಮೊಟಕು ಮಾಡಬೇಕಾದರೆ ಕಾನೂನಿನ ಬೆಂಬಲ ಇರಬೇಕು, ಉದ್ದೇಶ ನ್ಯಾಯವಾಗಿರಬೇಕು, ಕ್ರಮ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಬಹಳ ಜನ ಮರೆತಿರುವ ಸಂಗತಿಯೊಂದಿದೆ: ಮರುವರ್ಷ, 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ, ಪ್ರತಿ ಬ್ಯಾಂಕ್ ಖಾತೆಗೂ ಆಧಾರ್ ಜೋಡಣೆ ಕಡ್ಡಾಯ ಮಾಡಿದ್ದ ನಿಯಮವನ್ನು ಕೋರ್ಟ್ ರದ್ದುಮಾಡಿತು. ಆ ನಿಯಮ ಬಂದದ್ದು ಇದೇ ಪಿಎಂಎಲ್ಎ ಅಡಿಯಲ್ಲಿ. ಕಪ್ಪುಹಣ ತಡೆಯುವುದು ನ್ಯಾಯವಾದ ಉದ್ದೇಶವೇ, ಆದರೆ ಅದಕ್ಕಾಗಿ ಎಲ್ಲ ಖಾತೆದಾರರನ್ನೂ ಶಂಕಿತರಂತೆ ಕಾಣುವುದು ಅಳತೆ ಮೀರಿದ ಕ್ರಮ ಎಂಬುದು ಅದರ ತಿರುಳು. ಕ್ರಿಪ್ಟೋ ನಿಯಮಗಳಿಗೂ ಇದೇ ಅಳತೆಗೋಲು ಹಿಡಿಯಬೇಕು. ರಿಸರ್ವ್ ಬ್ಯಾಂಕ್ ತನ್ನ ಡಿಜಿಟಲ್ ರೂಪಾಯಿಯ ಬಗ್ಗೆ 2022ರ ಅಕ್ಟೋಬರ್‌ನಲ್ಲಿ ಹೊರತಂದ ಟಿಪ್ಪಣಿಯಲ್ಲೇ ಸಣ್ಣ ಮೊತ್ತಕ್ಕೆ ನಗದಿನಂಥ ಅನಾಮಿಕತೆ ಇರಬಹುದು ಎಂಬ ವಿಚಾರವಿದೆ. ನಗದಿಗೆ ಸಲ್ಲುವ ನ್ಯಾಯ ಚೈನ್ ಮೇಲಿನ ನೂರು ರೂಪಾಯಿಗೂ ಸಲ್ಲಬೇಕು.

ಈಗ ನಿಮ್ಮ ಕಂಪನಿಯ ಹ್ಯಾಶ್ ವಿಚಾರ. ಹ್ಯಾಶನ್ನು ಹಿಂದಕ್ಕೆ ತಿರುಗಿಸಲಾಗದು ಎಂಬುದು ನಿಜ, ಆದರೆ ತಿರುಗಿಸುವ ಅಗತ್ಯವೇ ಇಲ್ಲ. ನಮ್ಮ ಮೊಬೈಲ್ ಸಂಖ್ಯೆಗೆ ಹತ್ತು ಅಂಕಿ, ಮೊದಲನೆಯದು 6ರಿಂದ 9ರ ಒಳಗೆ. ಎಲ್ಲ ಸಾಧ್ಯತೆ ಸೇರಿ 400 ಕೋಟಿ. ಆಟಕ್ಕೆ ಕೊಳ್ಳುವ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಹ್ಯಾಶ್ ಮಾಡುತ್ತದೆ. ಅಂದರೆ ಭಾರತದ ಎಲ್ಲ ಮೊಬೈಲ್ ಸಂಖ್ಯೆಗಳನ್ನೂ ಹ್ಯಾಶ್ ಮಾಡಿ, ನಿಮ್ಮ ಚೈನ್‌ನಲ್ಲಿರುವುದರ ಜೊತೆ ಹೊಂದಿಸಿ ನೋಡಲು ಕೆಲವು ಸೆಕೆಂಡು ಸಾಕು. ಪ್ಯಾನ್ ಇನ್ನೂ ಗಟ್ಟಿ ಅಂದುಕೊಳ್ಳಬೇಡಿ. ಹತ್ತು ಅಕ್ಷರಗಳಲ್ಲಿ ನಾಲ್ಕನೆಯದು ವ್ಯಕ್ತಿಗಳಿಗೆ ಯಾವಾಗಲೂ 'ಪಿ'. ಐದನೆಯದು ಉಪನಾಮದ ಮೊದಲ ಅಕ್ಷರ. ಹೆಸರು ಗೊತ್ತಿರುವ ಒಬ್ಬರ ಪ್ಯಾನ್ ಹುಡುಕುವವನಿಗೆ ಉಳಿಯುವುದು ಸುಮಾರು 457 ಕೋಟಿ ಸಾಧ್ಯತೆಗಳು. ಅದೂ ಸೆಕೆಂಡುಗಳ ಕೆಲಸ. ಜೊತೆಗೆ ಒಬ್ಬ ಗ್ರಾಹಕರಿಗೆ ಎಲ್ಲ ಕಡೆ ಅದೇ ಹ್ಯಾಶ್ ಬಳಸಿದರೆ ಅವರು ಯಾವ ತಿಂಗಳು ಸಾಲ ತೆಗೆದರು, ಯಾವ ಕಂತು ತಪ್ಪಿಸಿದರು ಎಂಬ ಇಡೀ ಚರಿತ್ರೆ ಜಗಜ್ಜಾಹೀರು. ಸಾಲ ಮಾಡಿದವರ ಮಾನದ ಪ್ರಶ್ನೆ ಇದು. ವಸೂಲಿಗಾರರು ಸಂಬಂಧಿಕರಿಗೆಲ್ಲ ಫೋನ್ ಮಾಡಿ ಅವಮಾನ ಮಾಡಿದ ಸಾಲದ ಆ್ಯಪ್‌ಗಳನ್ನು ಈ ನಾಡು ಸಾಕಷ್ಟು ಕಂಡಿದೆ.

ಕಾನೂನಿನಲ್ಲೂ ಅದು ನಿಲ್ಲುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಗ್ರಾಹಕರಿಗೆ ತಮ್ಮ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕು ಕೊಟ್ಟಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ. ತಕ್ಕ ಭದ್ರತೆ ಇಡದ ಕಂಪನಿಗೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಬ್ಲಾಕ್‌ಚೈನ್‌ನಿಂದ ಅಳಿಸುವುದು ಹೇಗೆ? ಡಿಜಿಟಲ್ ಸಾಲದ ಮಾಹಿತಿ ಭಾರತದೊಳಗಿನ ಸರ್ವರ್‌ಗಳಲ್ಲೇ ಇರಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಪಬ್ಲಿಕ್ ಚೈನ್‌ನ ಪ್ರತಿ ಇರುವುದು ಜಗತ್ತಿನ ಮೂಲೆಮೂಲೆಯ ಕಂಪ್ಯೂಟರ್‌ಗಳಲ್ಲಿ. ನಿಮ್ಮ ತಂಡ ಈ ಎರಡು ಮಾತನ್ನು ವಕೀಲರ ಮುಂದಿಟ್ಟರೆ ಚರ್ಚೆ ಅಲ್ಲೇ ಮುಗಿಯುತ್ತದೆ.

ಮಾಡಬೇಕಾದದ್ದು ಹೀಗೆ: ವೈಯಕ್ತಿಕ ಮಾಹಿತಿಯೆಲ್ಲ ಇಲ್ಲಿನ ಸರ್ವರ್‌ನಲ್ಲಿ ಗೂಢಲಿಪಿಯಲ್ಲಿರಲಿ. ಚೈನ್ ಮೇಲೆ ಏನಾದರೂ ಹಾಕಲೇಬೇಕೆಂದಿದ್ದರೆ, ಪ್ರತಿ ದಾಖಲೆಗೂ ಬೇರೆ ಬೇರೆಯಾಗಿ ಹುಟ್ಟಿಸಿದ 256 ಬಿಟ್‌ನ ಸಾಲ್ಟ್, ಅಂದರೆ ಗುಟ್ಟಾಗಿಡುವ ಯಾದೃಚ್ಛಿಕ ಸಂಖ್ಯೆ, ಸೇರಿಸಿ ಹ್ಯಾಶ್ ಮಾಡಿ, ಸಾಲ್ಟನ್ನು ಚೈನ್‌ನ ಹೊರಗಿಡಿ. ಆಗ ಊಹಿಸಿ ಹೊಂದಿಸುವ ದಾಳಿ ನಡೆಯುವುದಿಲ್ಲ. ಪಿಎಂಎಲ್ಎ ಕೇಳುವ ಐದು ವರ್ಷ ಮುಗಿದ ಮೇಲೆ ಮಾಹಿತಿಯನ್ನೂ ಸಾಲ್ಟನ್ನೂ ಅಳಿಸಿದರೆ ಚೈನ್‌ನಲ್ಲಿ ಉಳಿದದ್ದಕ್ಕೆ ಅರ್ಥವಿರುವುದಿಲ್ಲ. ಕಾನೂನು ಇಡು ಎಂದಷ್ಟು ದಿನ ಇಡುವುದಕ್ಕೆ ದತ್ತಾಂಶ ಕಾಯ್ದೆಯೂ ಅಡ್ಡಿ ಮಾಡುವುದಿಲ್ಲ, ಎರಡು ಕಾಯ್ದೆಗಳ ನಡುವೆ ಇಲ್ಲಿ ಜಗಳವಿಲ್ಲ. ಇಷ್ಟಾದರೂ ನನ್ನ ಮೊದಲ ಆಯ್ಕೆ ಚೈನ್ ಮೇಲೆ ಗ್ರಾಹಕರ ಬಗ್ಗೆ ಏನನ್ನೂ ಹಾಕದಿರುವುದೇ. ಐರೋಪ್ಯ ದತ್ತಾಂಶ ರಕ್ಷಣಾ ಮಂಡಳಿಯೂ 2025ರ ಏಪ್ರಿಲ್‌ನ ಮಾರ್ಗಸೂಚಿಯಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದೆ.

ಕೊನೆಗೆ ನಿಮ್ಮ ವಾಲೆಟ್. ಗೆಳೆಯನಿಂದ ಖಾಸಗಿತನ ಬೇಕು, ಸರ್ಕಾರದಿಂದ ಏನೂ ಮುಚ್ಚಿಡಬೇಕಿಲ್ಲ ಎಂದಾದರೆ ಮಿಕ್ಸರ್ ಬೇಕಾಗಿಯೇ ಇಲ್ಲ. ಎಫ್‌ಐಯುನಲ್ಲಿ ನೋಂದಾಯಿಸಿದ ಎಕ್ಸ್‌ಚೇಂಜ್‌ನಿಂದ ಸಣ್ಣ ಮೊತ್ತವನ್ನು ಹೊಚ್ಚಹೊಸ ವಿಳಾಸಕ್ಕೆ ತೆಗೆದುಕೊಳ್ಳಿ, ಖರ್ಚಿಗೆ ಅದನ್ನು ಮಾತ್ರ ಬಳಸಿ. ಎಕ್ಸ್‌ಚೇಂಜ್ ಸಾವಿರಾರು ಗ್ರಾಹಕರ ಹಣವನ್ನು ಒಂದೇ ವಾಲೆಟ್‌ನಿಂದ ಕಳಿಸುವುದರಿಂದ ಹೊರಗಿನವರಿಗೆ ಅದು ಯಾರದೆಂದು ತಿಳಿಯುವುದಿಲ್ಲ; ಎಕ್ಸ್‌ಚೇಂಜ್‌ಗೂ ಆದಾಯ ತೆರಿಗೆ ಇಲಾಖೆಗೂ ತಿಳಿದಿರುತ್ತದೆ. ಹಳೆಯ ವಿಳಾಸದಿಂದ ಹೊಸದಕ್ಕೆ ನೇರವಾಗಿ ಒಂದು ಸಲವೂ ಈಥರ್ ಕಳಿಸಬೇಡಿ, ಗ್ಯಾಸ್ ಎಂಬ ವ್ಯವಹಾರ ಶುಲ್ಕಕ್ಕೆಂದೂ ಬೇಡ. ಬಹಳ ಜನ ಸಿಕ್ಕಿಬೀಳುವುದು ಅಲ್ಲೇ. ಗೆಳೆಯನಿಗೆ ಈಗಾಗಲೇ ಗೊತ್ತಿರುವ ವಿಳಾಸವನ್ನು ಉಳಿತಾಯಕ್ಕೆ ಬಳಸುವುದನ್ನು ನಿಲ್ಲಿಸಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ಗೋಕರ್ಣದ ಲೆಕ್ಕಕ್ಕೆ ಈಥರ್ ಕೊಟ್ಟದ್ದು ತೆರಿಗೆ ಕಾನೂನಿನಂತೆ ವರ್ಗಾವಣೆ. ಕೊಂಡ ಬೆಲೆಗಿಂತ ಅಂದಿನ ಬೆಲೆ ಹೆಚ್ಚಿದ್ದರೆ ಆ ಲಾಭಕ್ಕೆ ಶೇ 30ರ ತೆರಿಗೆ ಇದೆ, ರಿಟರ್ನ್‌ನಲ್ಲಿ ವರ್ಚುವಲ್ ಡಿಜಿಟಲ್ ಆಸ್ತಿಗಳಿಗೆಂದೇ ಇರುವ ಷೆಡ್ಯೂಲ್‌ನಲ್ಲಿ ಅದನ್ನು ತೋರಿಸಬೇಕು. ಆ ದಿನದ ಟ್ರಾನ್ಸಾಕ್ಷನ್ ಹ್ಯಾಶ್, ಮೊದಲು ಕೊಂಡ ದಿನದ ಎಕ್ಸ್‌ಚೇಂಜ್ ರಸೀದಿ, ಅಂದಿನ ರೂಪಾಯಿ ಬೆಲೆ ಮೂರನ್ನೂ ಒಂದು ಕಡತದಲ್ಲಿಟ್ಟು ಈ ವರ್ಷದ ರಿಟರ್ನ್ ಸಲ್ಲಿಸುವ ಮೊದಲು ನಿಮ್ಮ ಸಿಎಗೆ ಕೊಡಿ.